ಕ್ಯಾಲಿಫೋರ್ನಿಯಾದಲ್ಲಿ ಫ್ಯಾಮಿಲಿ ಥೆರಪಿಸ್ಟ್ ಆಗಬೇಕೆಂದರೆ ಏನು ಓದಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಕಾಲೇಜಿಗೆ ಸೇರಿದವಳು ನಾನು. ಈಗ ಬೇ ಏರಿಯಾದಲ್ಲಿ ಅಸೋಸಿಯೇಟ್ ಥೆರಪಿಸ್ಟ್ ಆಗಿ ಲೈಸೆನ್ಸಿಗೆ ಬೇಕಾದ ಅನುಭವದ ಗಂಟೆ ಲೆಕ್ಕ ಹಾಕುತ್ತಾ ಕೂತಿದ್ದೇನೆ. ಗೃಹಪ್ರವೇಶಕ್ಕೆ ಹೋದರೂ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತರೂ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಇವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಪೂರ್ತಿ ಕ್ಯಾಲಿಫೋರ್ನಿಯಾದ ಮಾತು. ಬೇರೆ ರಾಜ್ಯದವರು ಎರಡನೇ ಪ್ರಶ್ನೆ ಮೊದಲು ಓದಿ.

ಎಲ್‌ಎಂಎಫ್‌ಟಿ ಅಂದರೆ ಯಾರು? ಡಾಕ್ಟರಾ?

ಅಲ್ಲ. ಲೈಸೆನ್ಸ್ಡ್ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್ ಅನ್ನೋದರ ಚಿಕ್ಕ ರೂಪ ಅದು. ಮಾತ್ರೆ ಬರೆದುಕೊಡುವ ಅಧಿಕಾರ ಇಲ್ಲ. ಆದರೆ ಖಿನ್ನತೆ, ಆತಂಕದಂಥ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಹುದು. ಹೆಸರಲ್ಲಿ ಮದುವೆ ಇದೆ ಅಂತ ಜಗಳವಾಡುವ ಗಂಡ ಹೆಂಡತಿಯನ್ನು ಮಾತ್ರ ನೋಡುತ್ತಾರೆ ಅಂದುಕೊಳ್ಳಬೇಡಿ. ಒಬ್ಬಂಟಿಗಳು, ಮಕ್ಕಳು, ವಯಸ್ಸಾದವರು ಎಲ್ಲರೂ ಬರುತ್ತಾರೆ. ವ್ಯತ್ಯಾಸ ಇರುವುದು ನೋಡುವ ರೀತಿಯಲ್ಲಿ. ಹುಡುಗ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದರೆ, ಅವನೊಬ್ಬನನ್ನೇ ಕೂರಿಸಿ ಕೇಳುವ ಬದಲು ಆ ಮನೆಯಲ್ಲಿ ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಅಂತಲೂ ನೋಡುತ್ತೇವೆ. 2024ರ ಜನವರಿಯಿಂದ ಮೆಡಿಕೇರ್, ಅಂದರೆ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಕೂಡ ಇವರಿಗೆ ಹಣ ಕೊಡುತ್ತದೆ. ವಯಸ್ಸಾದವರ ಜೊತೆ ಕೆಲಸ ಮಾಡುವವರಿಗೆ ಇದು ದೊಡ್ಡ ವಿಷಯ.

ಅಮೆರಿಕಕ್ಕೆಲ್ಲ ಒಂದೇ ಲೈಸೆನ್ಸ್ ಅಲ್ವಾ?

ಅಲ್ಲ, ಎಡವುವುದೇ ಇಲ್ಲಿ. 50 ರಾಜ್ಯಗಳಲ್ಲೂ ಈ ಲೈಸೆನ್ಸ್ ಇದೆ, ಆದರೆ ಕೊಡುವುದು ಆಯಾ ರಾಜ್ಯ. ಮೊದಲು ಶುರುವಾದದ್ದು ಕ್ಯಾಲಿಫೋರ್ನಿಯಾದಲ್ಲಿ, 1963ರಲ್ಲಿ. ಇಲ್ಲಿ ಅದನ್ನು ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಬೋರ್ಡ್ ಆಫ್ ಬಿಹೇವಿಯರಲ್ ಸೈನ್ಸಸ್. ಎಲ್ಲರೂ ಬಿಬಿಎಸ್ ಅನ್ನುತ್ತಾರೆ, ನಾನೂ ಮುಂದೆ ಹಾಗೇ ಬರೆಯುತ್ತೇನೆ. ಡಿಗ್ರಿ ಆದ ಮೇಲೆ ನ್ಯೂಯಾರ್ಕ್ 1,500 ಗಂಟೆ ಅನುಭವ ಕೇಳುತ್ತದೆ. ಟೆಕ್ಸಾಸ್ 3,000 ಕೇಳುತ್ತದೆ, ಅದರಲ್ಲಿ ಅರ್ಧ ಕ್ಲೈಂಟ್ ಎದುರು ಕೂತದ್ದೇ ಆಗಿರಬೇಕು. ಕ್ಯಾಲಿಫೋರ್ನಿಯಾದ್ದು ಇನ್ನೊಂದು ಲೆಕ್ಕ.

ಹಾಗಾಗಿ ಯಾರಾದರೂ ನನ್ನನ್ನು "ಯಾವ ಕಾಲೇಜು ಒಳ್ಳೇದು" ಅಂತ ಕೇಳಿದರೆ ನಾನು ತಿರುಗಿ "ಯಾವ ರಾಜ್ಯದಲ್ಲಿ ನೆಲೆಸುತ್ತೀರಿ" ಅಂತ ಕೇಳುತ್ತೇನೆ. ಯಜಮಾನರ ಕೆಲಸ ಎರಡು ವರ್ಷಕ್ಕೊಮ್ಮೆ ಊರು ಬದಲಾಯಿಸುವಂಥದ್ದಾದರೆ ಈ ಯೋಚನೆ ಇನ್ನೂ ಜಾಸ್ತಿ ಬೇಕು. ಮೊದಲು ರಾಜ್ಯ, ಆಮೇಲೆ ಲೈಸೆನ್ಸಿನ ನಿಯಮ, ಕೊನೆಗೆ ಕಾಲೇಜು. ನಾವು ಮಾಡುವುದು ಸರಿಯಾಗಿ ಉಲ್ಟಾ.

ನಾನು ಬಿಇ ಮಾಡಿದವಳು, ಸೈಕಾಲಜಿ ಒಂದು ಪುಟ ಓದಿಲ್ಲ. ಸೇರಬಹುದಾ?

ಧಾರಾಳವಾಗಿ. ಬಿಬಿಎಸ್ ನೋಡುವುದು ನಿಮ್ಮ ಮಾಸ್ಟರ್ಸ್ ಡಿಗ್ರಿಯನ್ನು. ಬ್ಯಾಚುಲರ್ಸ್ ಯಾವ ವಿಷಯದಲ್ಲಿ ಅನ್ನುವುದು ಸೇರಿಸಿಕೊಳ್ಳುವ ಕಾಲೇಜಿನ ತಲೆನೋವು. ಕೆಲವು ಕಾಲೇಜುಗಳು ಸೈಕಾಲಜಿ ಪರಿಚಯ, ಅಬ್‌ನಾರ್ಮಲ್ ಸೈಕಾಲಜಿ, ಸ್ಟ್ಯಾಟಿಸ್ಟಿಕ್ಸ್‌ನಂಥ ಮೂರು ನಾಲ್ಕು ಕೋರ್ಸ್ ಮೊದಲೇ ಮುಗಿಸಿ ಬನ್ನಿ ಅನ್ನುತ್ತವೆ. ಅವನ್ನು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಬಹುದು, ನಾನೂ ಹಾಗೇ ಮಾಡಿದೆ. ಬಿಎ, ಬಿಎಸ್‌ಸಿ, ಬಿಕಾಂ ಮೂರು ವರ್ಷದ್ದಾದರೆ ಒಂದು ತೊಡಕಿದೆ. ಕೆಲವು ಕಡೆ ಅದನ್ನು ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮ ಅಂತ ಒಪ್ಪುವುದಿಲ್ಲ. ಅರ್ಜಿಗೆ ದುಡ್ಡು ಕಟ್ಟುವ ಮೊದಲೇ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಸರಿ, ಯಾವ ಮಾಸ್ಟರ್ಸ್?

ಮಾಸ್ಟರ್ಸ್ ಅಥವಾ ಡಾಕ್ಟರೇಟ್, ಎರಡರಲ್ಲಿ ಯಾವುದಾದರೂ ಆಗುತ್ತದೆ. ಪಿಎಚ್‌ಡಿ ಬೇಕೇ ಬೇಕು ಅನ್ನುವುದು ಸುಳ್ಳು. ಡಿಗ್ರಿಯ ಹೆಸರು ಕಾನೂನಿನ ಪಟ್ಟಿಯಲ್ಲಿರಬೇಕು: ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿ, ಕಪಲ್ ಅಂಡ್ ಫ್ಯಾಮಿಲಿ ಥೆರಪಿ, ಸೈಕಾಲಜಿ, ಕ್ಲಿನಿಕಲ್ ಸೈಕಾಲಜಿ, ಕೌನ್ಸೆಲಿಂಗ್ ಸೈಕಾಲಜಿ, ಇಲ್ಲವೇ ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಗೆ ಒತ್ತು ಕೊಟ್ಟ ಕೌನ್ಸೆಲಿಂಗ್, ಹೀಗೆ.

ಆದರೆ ಹೆಸರಿದ್ದರೆ ಸಾಲದು. ಹೆಸರು ಕ್ಲಿನಿಕಲ್ ಸೈಕಾಲಜಿ ಅಂತಲೇ ಇದ್ದು, ಒಳಗೆ ಬರೀ ಸಂಶೋಧನೆಗೆ ತಯಾರು ಮಾಡುವ ಕೋರ್ಸುಗಳೂ ಇವೆ. ಲೈಸೆನ್ಸಿಗೆ ಅವು ಪ್ರಯೋಜನವಿಲ್ಲ. ಕಾಲೇಜಿನ ಪುಟದಲ್ಲಿ "ಕ್ಯಾಲಿಫೋರ್ನಿಯಾದ ಎಲ್‌ಎಂಎಫ್‌ಟಿ ಶಿಕ್ಷಣದ ನಿಯಮಕ್ಕೆ ಹೊಂದುತ್ತದೆ" ಅನ್ನುವ ಸ್ಪಷ್ಟ ಮಾತು ಹುಡುಕಿ. ಅಲ್ಲಿ ಸೆಕ್ಷನ್ 4980.36 ಅಂತ ಒಂದು ಸಂಖ್ಯೆ ಕಾಣುತ್ತದೆ. ರಾಜ್ಯದ ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ ಆ ಸೆಕ್ಷನ್ನೇ ನಮ್ಮ ಸಿಲಬಸ್ಸಿನ ತಾಯಿ.

ಅದು ಕೇಳುವುದು 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್. ಯೂನಿಟ್ ಅಂದರೆ ಕೋರ್ಸಿನ ತೂಕ ಅಳೆಯುವ ಲೆಕ್ಕ. ಎರಡೂ ಒಂದೇ, ಅಳೆಯುವ ಪಾವು ಬೇರೆ ಅಷ್ಟೇ. ಸಾಂಟಾ ಕ್ಲಾರಾ ಯೂನಿವರ್ಸಿಟಿಯ ಕೌನ್ಸೆಲಿಂಗ್ ಸೈಕಾಲಜಿ ಕ್ವಾರ್ಟರ್ ಲೆಕ್ಕದ್ದು, ಅದಕ್ಕೇ 90. "ಅಯ್ಯೋ, ಅಲ್ಲಿ ಒಂದೂವರೆ ಪಟ್ಟು ಓದಿಸುತ್ತಾರಂತೆ" ಅಂತ ನನ್ನ ಗೆಳತಿಯೊಬ್ಬಳು ಅರ್ಜಿಯನ್ನೇ ಹಾಕಲಿಲ್ಲ!

ಆ 60ರಲ್ಲಿ ಕನಿಷ್ಠ 12 ಯೂನಿಟ್ ಥೆರಪಿಯ ಸಿದ್ಧಾಂತ ಮತ್ತು ವಿಧಾನಗಳಿಗೆ. ಕಾನೂನು ಮತ್ತು ವೃತ್ತಿನೀತಿಯ ಪಾಠವೂ ಕಡ್ಡಾಯ. ಉಳಿದದ್ದರಲ್ಲಿ ಕಾಯಿಲೆ ಗುರುತಿಸುವುದು, ಮನಸ್ಸಿನ ಔಷಧಿಗಳ ಪರಿಚಯ, ಮಕ್ಕಳ ಮೇಲಿನ ದೌರ್ಜನ್ಯ, ದಾಂಪತ್ಯದೊಳಗಿನ ಹಿಂಸೆ, ಕುಡಿತ ಮತ್ತು ಮಾದಕ ಚಟ, ಲೈಂಗಿಕತೆ, ಮುಪ್ಪು, ಕ್ಯಾಲಿಫೋರ್ನಿಯಾದ ಬೇರೆ ಬೇರೆ ಸಮುದಾಯಗಳ ಸಂಸ್ಕೃತಿ, ಬಡತನ ಮನಸ್ಸಿಗೆ ಏನು ಮಾಡುತ್ತದೆ ಅನ್ನುವುದು, ಎಲ್ಲವೂ ಬರುತ್ತವೆ. ಇವಲ್ಲದೆ ಆತ್ಮಹತ್ಯೆಯ ಅಪಾಯ ಅಳೆಯುವ ಬಗ್ಗೆ 6 ಗಂಟೆ, ಟೆಲಿಹೆಲ್ತ್ (ವಿಡಿಯೋ, ಫೋನ್ ಮೂಲಕ ಚಿಕಿತ್ಸೆ) ಬಗ್ಗೆ 3 ಗಂಟೆಯ ತರಬೇತಿ ಕಡ್ಡಾಯ. ಇವನ್ನು ಡಿಗ್ರಿಯೊಳಗೆ ಸೇರಿಸಿಕೊಟ್ಟ ಕಾಲೇಜುಗಳಿವೆ. ಇಲ್ಲದಿದ್ದರೆ ಹೊರಗೆ ಮಾಡಿ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು.

ಕಾಲೇಜಿಗೆ ಕೋಯಾಮ್ಟಿ ಮಾನ್ಯತೆ ಇರಲೇಬೇಕಾ?

ಕೋಯಾಮ್ಟಿ ಅಂದರೆ ಫ್ಯಾಮಿಲಿ ಥೆರಪಿ ಕೋರ್ಸುಗಳಿಗೆ ಮಾತ್ರ ಮಾನ್ಯತೆ ಕೊಡುವ ರಾಷ್ಟ್ರಮಟ್ಟದ ಸಂಸ್ಥೆ. ಕ್ಯಾಲಿಫೋರ್ನಿಯಾದಲ್ಲಿ ಕಡ್ಡಾಯ ಅಲ್ಲ. ಲೋಮಾ ಲಿಂಡಾ ಯೂನಿವರ್ಸಿಟಿಯಂಥ ಕೆಲವು ಕಡೆ ಇದೆ, ಇಲ್ಲಿನ ಎಷ್ಟೋ ಒಳ್ಳೆಯ ಕಾಲೇಜುಗಳಿಗೆ ಇಲ್ಲ. ಮುಂದೆ ಬೇರೆ ರಾಜ್ಯಕ್ಕೆ ಹೋಗುವ ಸಾಧ್ಯತೆ ಇದ್ದರೆ ಇರುವುದನ್ನೇ ಆರಿಸಿ. ಹೊಸ ರಾಜ್ಯದ ಬೋರ್ಡಿನ ಮುಂದೆ ಪ್ರತಿ ಕೋರ್ಸಿನ ಸಿಲಬಸ್ ಹಿಡಿದು ವಾದ ಮಾಡುವ ಕೆಲಸ ಕಡಿಮೆಯಾಗುತ್ತದೆ.

ಪ್ರಾಕ್ಟಿಕಮ್ ಅಂತಾರಲ್ಲ, ಏನದು?

ಓದುತ್ತಿರುವಾಗಲೇ ನಿಜವಾದ ಕ್ಲೈಂಟ್ ಎದುರು ಕೂರುವುದು. ಆಗ ನಿಮ್ಮನ್ನು ಟ್ರೇನಿ ಅನ್ನುತ್ತಾರೆ. 6 ಸೆಮಿಸ್ಟರ್ ಯೂನಿಟ್ ಪ್ರಾಕ್ಟಿಕಮ್, ಅದರಲ್ಲಿ ಕನಿಷ್ಠ 150 ಗಂಟೆ ನೇರವಾಗಿ ಕೌನ್ಸೆಲಿಂಗ್. ಇನ್ನೂ 75 ಗಂಟೆ ಕೌನ್ಸೆಲಿಂಗನ್ನೇ ಮಾಡಬಹುದು, ಅಥವಾ ಕ್ಲೈಂಟ್ ಪರವಾಗಿ ಓಡಾಡುವ ಕೆಲಸ ಮಾಡಬಹುದು: ಆಶ್ರಯ ಹುಡುಕಿಕೊಡುವುದು, ಸ್ಕೂಲಿನವರ ಜೊತೆ ಮಾತಾಡುವುದು, ಅಂಥವು. ಒಟ್ಟು 225. ಸ್ಕೂಲು, ಕೌಂಟಿ ಕ್ಲಿನಿಕ್, ಸ್ವಯಂಸೇವಾ ಸಂಸ್ಥೆಗಳಲ್ಲಿ ಜಾಗ ಸಿಗುತ್ತದೆ. ಟ್ರೇನಿಗಳು ಖಾಸಗಿ ಪ್ರಾಕ್ಟೀಸಿನಲ್ಲಿ ಕೆಲಸ ಮಾಡುವಂತಿಲ್ಲ.

ಬಹಳ ಕಡೆ ಸಂಬಳ ಇಲ್ಲ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಫೀಸೂ ಕಟ್ಟಿ, ಪುಕ್ಕಟೆ ಕೆಲಸವನ್ನೂ ಮಾಡುತ್ತೀಯಾ ಅಂತ ನಮ್ಮತ್ತೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆನ್‌ಲೈನ್ ಡಿಗ್ರಿ ನಡೆಯುತ್ತಾ?

ಕಾಲೇಜಿಗೆ ಮಾನ್ಯತೆ ಇದ್ದು (ಕೋಯಾಮ್ಟಿಯದ್ದೇ ಆಗಬೇಕಿಲ್ಲ), ಮೇಲಿನ ಪಟ್ಟಿಗೆಲ್ಲ ಹೊಂದಿದರೆ ನಡೆಯುತ್ತದೆ. ಬೇರೆ ರಾಜ್ಯದ ಆನ್‌ಲೈನ್ ಕಾಲೇಜಾದರೆ ಎರಡು ಪ್ರಶ್ನೆ ಕೇಳಿ. ಕ್ಯಾಲಿಫೋರ್ನಿಯಾದ ಕಾನೂನು ಮತ್ತು ಸಂಸ್ಕೃತಿಯ ಪಾಠ ಇದೆಯಾ? ನಮ್ಮೂರಿನಲ್ಲಿ ಪ್ರಾಕ್ಟಿಕಮ್ ಜಾಗ ನೀವೇ ಹುಡುಕಿಕೊಡುತ್ತೀರಾ, ಇಲ್ಲ ನಾವೇ ಅಲೆಯಬೇಕಾ?

ನಾನು ಬೆಂಗಳೂರಿನಲ್ಲಿ ಎಂಎಸ್‌ಸಿ ಸೈಕಾಲಜಿ ಮಾಡಿದ್ದೇನೆ. ಅದನ್ನೇ ತೋರಿಸಿದರೆ ಆಗಲ್ವಾ?

ಬೇಜಾರು ಮಾಡಿಕೊಳ್ಳಬೇಡಿ, ಹಾಗೆ ಹಾಗೇ ಆಗುವುದು ಕಷ್ಟ. ಹೊರದೇಶದ ಡಿಗ್ರಿಯನ್ನು ಬಿಬಿಎಸ್ ಬಾಗಿಲಲ್ಲೇ ತಳ್ಳಿಹಾಕುವುದಿಲ್ಲ. ನೇಸೆಸ್ ಅನ್ನುವ ಒಕ್ಕೂಟದ ಸದಸ್ಯ ಸಂಸ್ಥೆಯೊಂದರಿಂದ, ಉದಾಹರಣೆಗೆ ಡಬ್ಲ್ಯುಇಎಸ್‌ನಿಂದ, ನಿಮ್ಮ ಡಿಗ್ರಿ ಇಲ್ಲಿಯದಕ್ಕೆ ಸಮ ಅಂತ ವರದಿ ತರಿಸಬೇಕು. ಆಮೇಲೆ ಒಳಗಿನ ವಿಷಯಗಳನ್ನು ಬೋರ್ಡು ಒಂದೊಂದಾಗಿ ನೋಡುತ್ತದೆ. ನಮ್ಮ ಕಡೆಯ ಎಂಎ, ಎಂಎಸ್‌ಸಿಗಳಲ್ಲಿ ಸಿದ್ಧಾಂತ ಬೇಕಾದಷ್ಟಿರುತ್ತದೆ. ಸಿಕ್ಕಿಬೀಳುವುದು ಮೂರು ಕಡೆ: ಯೂನಿಟ್ ಲೆಕ್ಕ, ದಂಪತಿ ಮತ್ತು ಕುಟುಂಬ ಥೆರಪಿಯ ಕೋರ್ಸುಗಳು, ಮತ್ತೆ ಮೇಲ್ವಿಚಾರಣೆಯಲ್ಲಿ ಮಾಡಿದ ಪ್ರಾಕ್ಟಿಕಮ್.

ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್ ಮಾಡಿದವರ ಕೈಯಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ಅನುಭವ ಇರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. ವಾರ್ಡುಗಳಲ್ಲಿ ಅವರು ನೋಡಿದ ಕೇಸುಗಳನ್ನು ಇಲ್ಲಿನ ವಿದ್ಯಾರ್ಥಿ ಪುಸ್ತಕದಲ್ಲಷ್ಟೇ ನೋಡುತ್ತಾನೆ. ಆದರೆ ಅಲ್ಲಿಯ ನೋಂದಣಿ ಕೊಡುವುದು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅದೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ. ಫ್ಯಾಮಿಲಿ ಥೆರಪಿಸ್ಟ್ ಅನ್ನುವ ಬೇರೆ ಲೈಸೆನ್ಸೇ ಭಾರತದಲ್ಲಿಲ್ಲ. ಹಾಗಾಗಿ ಅದನ್ನು ಇಲ್ಲಿಗೆ ನೇರ ಬದಲಾಯಿಸಿಕೊಳ್ಳುವ ದಾರಿ ಇಲ್ಲ.

ಒಂದು ಕಿವಿಮಾತು. ಊರಿಗೆ ಹೋದಾಗ ಮಾರ್ಕ್ಸ್ ಕಾರ್ಡ್ ಜೊತೆಗೆ ನಿಮ್ಮ ಬ್ಯಾಚಿನ ಸಿಲಬಸ್ ಪುಸ್ತಕವನ್ನೂ ಸೀಲ್ ಹಾಕಿಸಿ ತನ್ನಿ. ನನ್ನ ಹಳೆಯ ಯೂನಿವರ್ಸಿಟಿಯ ಪರೀಕ್ಷಾ ವಿಭಾಗಕ್ಕೆ ಅಪ್ಪ ಐದು ಸಲ ಹೋಗಿ ಬಂದರು. ನಾಲ್ಕು ಸಲವೂ "ಸಾಹೇಬ್ರು ಮೀಟಿಂಗಲ್ಲಿದ್ದಾರೆ". ಐದನೇ ಸಲ ಬಂದ ಲಕೋಟೆಯ ಮೇಲೆ ಸೀಲೇ ಇರಲಿಲ್ಲ.

3,000 ಗಂಟೆ ಅಂತ ಹೆದರಿಸುತ್ತಾರೆ. ನಿಜಾನಾ?

ನಿಜ. ಮೇಲ್ವಿಚಾರಣೆಯಲ್ಲಿ 3,000 ಗಂಟೆ, ಅದೂ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ವಾರಕ್ಕೆ 40ಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ. ಹಗಲೂ ರಾತ್ರಿ ಕೂತು ಒಂದೇ ವರ್ಷದಲ್ಲಿ ಮುಗಿಸುತ್ತೇನೆ ಅಂದರೆ ಆಗಲ್ಲ.

ಇದರಲ್ಲಿ ಕನಿಷ್ಠ 1,750 ಗಂಟೆ ನೇರ ಕೌನ್ಸೆಲಿಂಗ್. ಆ 1,750ರ ಒಳಗೆ 500 ಗಂಟೆ ದಂಪತಿಗಳು, ಕುಟುಂಬಗಳು, ಮಕ್ಕಳ ಜೊತೆಗಿನದ್ದಾಗಿರಬೇಕು. ಉಳಿದ 1,250ರವರೆಗೆ ನೋಟ್ಸ್ ಬರೆಯುವುದು, ಸೂಪರ್‌ವಿಷನ್ (ಮೇಲ್ವಿಚಾರಕರ ಜೊತೆ ಕೂತು ಕೇಸುಗಳ ಬಗ್ಗೆ ಮಾತಾಡುವುದು), ತರಬೇತಿ ಇವೆಲ್ಲ ಸೇರಿಸಬಹುದು. 104 ವಾರಕ್ಕೆ ಭಾಗಿಸಿ ನೋಡಿ, ವಾರಕ್ಕೆ ಸುಮಾರು 17 ಗಂಟೆ ನೇರ ಕೌನ್ಸೆಲಿಂಗ್. ಕಾಗದದ ಮೇಲೆ ಸುಲಭ. ಆದರೆ 17 ಗಂಟೆ ಬೇಕೆಂದರೆ 22 ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಕು, ಯಾಕೆಂದರೆ ಮಳೆ ಬಂದರೂ ಕ್ಲೈಂಟ್ ಬರಲ್ಲ, ಬಿಸಿಲು ಬಂದರೂ ಬರಲ್ಲ.

ಓದುವಾಗಲೇ ಇದನ್ನು ಶುರು ಮಾಡಬಹುದು ಅನ್ನುವುದು ಒಳ್ಳೆಯ ಸುದ್ದಿ. 12 ಸೆಮಿಸ್ಟರ್ ಯೂನಿಟ್ ಮುಗಿದ ಮೇಲೆ ಗಳಿಸಿದ್ದು ಸೇರುತ್ತದೆ. ಡಿಗ್ರಿಗೆ ಮೊದಲಿನದ್ದು ಒಟ್ಟು 1,300 ಮೀರಬಾರದು, ಅದರಲ್ಲೂ ಕೌನ್ಸೆಲಿಂಗ್ ಮತ್ತು ಸೂಪರ್‌ವಿಷನ್ ಸೇರಿ 750. ಆರು ವರ್ಷಕ್ಕಿಂತ ಹಳೆಯ ಗಂಟೆಗಳು ಸಾಮಾನ್ಯವಾಗಿ ಲೆಕ್ಕದಿಂದ ಬಿದ್ದುಹೋಗುತ್ತವೆ. ಹೆರಿಗೆ, ಊರಿಗೆ ಹೋಗಿ ಬರುವುದು, ಇವನ್ನೆಲ್ಲ ಸೇರಿಸಿ ಯೋಚನೆ ಮಾಡಿ.

ಸಹಿ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ವಾರದ ಲಾಗ್‌ಗೆ ಸೂಪರ್‌ವೈಸರ್ ಸಹಿ ಬೇಕು, ಜಾಗ ಬಿಡುವಾಗ ಅನುಭವ ದೃಢೀಕರಿಸುವ ಫಾರ್ಮ್‌ಗೂ ಬೇಕು. ನಾನು ಕೆಲಸ ಮಾಡಿದ ಒಂದು ಕ್ಲಿನಿಕ್‌ನಲ್ಲಿ ಸೂಪರ್‌ವೈಸರ್ ಒಂದು ಶುಕ್ರವಾರ ಕೆಲಸ ಬಿಟ್ಟರು, ಸೋಮವಾರ ನಮಗೆ ಗೊತ್ತಾಯಿತು. ನಾಲ್ಕು ತಿಂಗಳ ಲಾಗ್ ಸಹಿಯಿಲ್ಲದೆ ನನ್ನ ಬ್ಯಾಗಿನಲ್ಲೇ ಇತ್ತು. ಅವರ ಮನೆ ಹುಡುಕಿಕೊಂಡು ಹೋಗಿ, ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಸಹಿ ಹಾಕಿಸಿಕೊಂಡು ಬಂದೆ. ಆಮೇಲಿಂದ ಪ್ರತಿ ಶುಕ್ರವಾರ ಸಹಿ ಇಲ್ಲದೆ ಬಾಗಿಲು ದಾಟಲ್ಲ.

ಡಿಗ್ರಿ ಮುಗಿದ ದಿನವೇ ಕೆಲಸ ಶುರು ಮಾಡಬಹುದಾ?

ಅಸೋಸಿಯೇಟ್ ಅಂತ ಬಿಬಿಎಸ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅದೇ ಎಎಂಎಫ್‌ಟಿ. 2018ಕ್ಕೆ ಮೊದಲು ಇಂಟರ್ನ್ ಅನ್ನುತ್ತಿದ್ದರು, ಹಳಬರು ಈಗಲೂ ಹಾಗೇ ಹೇಳುತ್ತಾರೆ, ಗಲಿಬಿಲಿ ಬೇಡ. ಡಿಗ್ರಿ ಸಿಕ್ಕ 90 ದಿನದೊಳಗೆ ಅರ್ಜಿ ತಲುಪಿದರೆ, ನೋಂದಣಿ ನಂಬರ್ ಬರುವ ಮೊದಲು ಮಾಡಿದ ಗಂಟೆಗಳೂ ಸೇರುತ್ತವೆ. ಆದರೆ ಕೆಲಸ ಶುರು ಮಾಡುವ ಮೊದಲೇ ಆ ಸಂಸ್ಥೆ ನಿಮ್ಮ ಬೆರಳಚ್ಚು ತೆಗೆಸಿರಬೇಕು. ಅದಕ್ಕೆ ಲೈವ್ ಸ್ಕ್ಯಾನ್ ಅನ್ನುತ್ತಾರೆ. ಆ ಕಾಗದವನ್ನು ಪಾಸ್‌ಪೋರ್ಟ್ ಜೊತೆ ಇಡಿ. ನಂಬರ್ ಬರುವವರೆಗೆ ಖಾಸಗಿ ಪ್ರಾಕ್ಟೀಸಿನಲ್ಲಿ ಕೆಲಸ ಮಾಡಲೇಬೇಡಿ.

ಎಚ್-4 ವೀಸಾದಲ್ಲಿದ್ದೇನೆ. ಓದಬಹುದಾ? ಗಂಟೆ ಹೇಗೆ?

ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ವೀಸಾ. ಅದರಲ್ಲಿ ಓದಲು ತೊಂದರೆ ಇಲ್ಲ. ಕೆಲಸ ಮಾಡಲು ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ ಬೇಕು. ಗಂಡನ ಅಥವಾ ಹೆಂಡತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿದ್ದರೆ ಅರ್ಜಿ ಹಾಕಬಹುದು, ಆ ನಿಯಮ ಬಂದದ್ದು 2015ರಲ್ಲಿ. ಇಎಡಿ ಇಲ್ಲದೆ ಪುಕ್ಕಟೆ ಮಾಡುತ್ತೇನೆ ಅಂದುಕೊಂಡರೂ ಅದನ್ನು ಕೆಲಸ ಅಂತಲೇ ನೋಡುವ ಸಾಧ್ಯತೆ ಇದೆ, ವಕೀಲರನ್ನು ಕೇಳದೆ ಕಾಲಿಡಬೇಡಿ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಬೇರೆ ಸಂಕಟ. ಪ್ರಾಕ್ಟಿಕಮ್ ಕೋರ್ಸಿನ ಭಾಗವಾದ್ದರಿಂದ ಸಿಪಿಟಿ (ಓದುವಾಗ ಸಿಗುವ ಕೆಲಸದ ಅನುಮತಿ) ಮೇಲೆ ಮಾಡಬಹುದು. ಡಿಗ್ರಿ ಆದ ಮೇಲೆ ಒಪಿಟಿ ಅನ್ನುವ ಕೆಲಸದ ಅನುಮತಿ ಸಿಗುವುದು ಸಾಮಾನ್ಯವಾಗಿ 12 ತಿಂಗಳು. 3,000ಕ್ಕೆ ಕನಿಷ್ಠ 104 ವಾರ ಬೇಕು. ಓದುವಾಗಲೇ ಗಳಿಸಿದ್ದನ್ನು ಕೂಡಿಸಿದರೂ ಆ ಒಂದು ವರ್ಷದಲ್ಲಿ ಉಳಿದದ್ದು ಮುಗಿಯುವುದು ತುಂಬಾ ಕಷ್ಟ. ಕಾಲೇಜಿನವರು ಇದನ್ನು ಓರಿಯೆಂಟೇಷನ್ ದಿನ ಹೇಳುವುದಿಲ್ಲ. ಸಾಲ ಮಾಡಿ ಊರಿಂದ ಬರುವ ಹುಡುಗ ಹುಡುಗಿಯರು ಈ ಲೆಕ್ಕವನ್ನು ಊರಲ್ಲೇ ಹಾಕಿ.

ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಐಟಿಐಎನ್ (ತೆರಿಗೆಗಾಗಿ ಕೊಡುವ ನಂಬರ್) ಕೊಟ್ಟರೂ ಬಿಬಿಎಸ್ ಅರ್ಜಿ ತೆಗೆದುಕೊಳ್ಳುತ್ತದೆ. ಆದರೆ ಅದು ಕೆಲಸದ ಅನುಮತಿ ಅಲ್ಲ. ಇನ್ನೊಂದು: ಟ್ರೇನಿಗಳು, ಅಸೋಸಿಯೇಟ್‌ಗಳು ಡಬ್ಲ್ಯು-2 (ಸಂಬಳದ) ನೌಕರರಾಗಿರಬೇಕು ಅಥವಾ ಸ್ವಯಂಸೇವಕರಾಗಿರಬೇಕು. ಕಾಂಟ್ರಾಕ್ಟರ್ ಅಂತ 1099 ಕೊಡುತ್ತೇನೆ ಅಂದರೆ ಆ ಗಂಟೆಗಳು ನಿಮಗೆ ದಕ್ಕುವುದಿಲ್ಲ.

ಎಷ್ಟು ಪರೀಕ್ಷೆ?

ಎರಡು. ಮೊದಲನೆಯದು ಕಾನೂನು ಮತ್ತು ವೃತ್ತಿನೀತಿ, 75 ಪ್ರಶ್ನೆ, 90 ನಿಮಿಷ. ಅಸೋಸಿಯೇಟ್ ಆದ ಮೊದಲ ವರ್ಷವೇ ಬರೆಯಬೇಕು. ಪಾಸಾಗುವವರೆಗೆ ವರ್ಷಕ್ಕೊಮ್ಮೆ ಪ್ರಯತ್ನಿಸದಿದ್ದರೆ ನೋಂದಣಿ ಮುಂದುವರಿಸಲು ಬಿಡುವುದಿಲ್ಲ. ಎರಡನೆಯದು ನಾಲ್ಕು ಗಂಟೆಯ ಕ್ಲಿನಿಕಲ್ ಪರೀಕ್ಷೆ, ಗಂಟೆಗಳೆಲ್ಲ ಮುಗಿದು ಬೋರ್ಡು ಒಪ್ಪಿದ ಮೇಲೆ.

ಕಾನೂನು ಪಾಠಕ್ಕೆ ಇಷ್ಟೊಂದು ತೂಕ ಯಾಕೆ? ನಾವೇನು ಲಾಯರ್ ಆಗುತ್ತೇವಾ?

ನಾನೂ ಹೀಗೇ ಗೊಣಗಿದ್ದೆ. ಆಮೇಲೆ ಟ್ಯಾರಸಾಫ್ ಕೇಸ್ ಓದಿದೆ. ಬರ್ಕ್ಲಿಯಲ್ಲಿ ಓದಲು ಭಾರತದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬ, ತಾನು ಇಷ್ಟಪಟ್ಟ ಹುಡುಗಿಯನ್ನು ಕೊಲ್ಲುತ್ತೇನೆ ಅಂತ ತನ್ನ ಥೆರಪಿಸ್ಟ್ ಹತ್ತಿರ ಹೇಳಿದ. ಕ್ಯಾಂಪಸ್ ಪೊಲೀಸರು ಹಿಡಿದು, ಸರಿಯಾಗೇ ಮಾತಾಡುತ್ತಿದ್ದಾನೆ ಅಂತ ಬಿಟ್ಟರು. ಹುಡುಗಿಗಾಗಲಿ ಮನೆಯವರಿಗಾಗಲಿ ಯಾರೂ ಹೇಳಲಿಲ್ಲ. 1969ರ ಅಕ್ಟೋಬರಿನಲ್ಲಿ ಅವನು ಅವಳನ್ನು ಕೊಂದ. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಥೆರಪಿಸ್ಟ್ ಮೇಲಿದೆ ಅಂತ 1976ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ದೇಶದ ಹುಡುಗನ ಕೇಸಿನಿಂದ ಬಂದ ಪಾಠ ಅದು.

ಇನ್ನೊಂದು, ಮಕ್ಕಳ ವಿಷಯ. ಮಗುವಿಗೆ ಹಿಂಸೆಯಾಗುತ್ತಿದೆ ಅನ್ನುವ ಸಕಾರಣ ಅನುಮಾನ ಬಂದರೆ ತಕ್ಷಣ ಫೋನ್, 36 ಗಂಟೆಯೊಳಗೆ ಬರಹದಲ್ಲಿ ವರದಿ. "ನಮ್ಮಪ್ಪನೂ ಬೆಲ್ಟ್‌ನಲ್ಲಿ ಹೊಡೀತಿದ್ರು, ನಾವೇನು ಹಾಳಾದ್ವಾ" ಅಂತ ಎದುರಿಗೆ ಕೂತ ತಂದೆ ನಮ್ಮದೇ ಭಾಷೆಯಲ್ಲಿ ಕೇಳಿದಾಗ ಕೈ ನಡುಗುತ್ತದೆ. ಆದರೂ ಫೋನ್ ಮಾಡಲೇಬೇಕು.

ಎಲ್‌ಪಿಸಿಸಿ, ಎಲ್‌ಸಿಎಸ್‌ಡಬ್ಲ್ಯು ಅಂತಲೂ ಇವೆಯಲ್ಲ?

ಎಲ್‌ಸಿಎಸ್‌ಡಬ್ಲ್ಯು ಅಂದರೆ ಕ್ಲಿನಿಕಲ್ ಸೋಷಿಯಲ್ ವರ್ಕರ್ ಲೈಸೆನ್ಸ್, ಅದಕ್ಕೆ ಸೋಷಿಯಲ್ ವರ್ಕ್ ಮಾಸ್ಟರ್ಸ್ ಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಸೆ ಇದ್ದರೆ, ರಾಜ್ಯ ಬದಲಾಯಿಸುವವರಾದರೆ ನನ್ನ ಮಟ್ಟಿಗೆ ಅದೇ ಉತ್ತಮ. ಎಲ್‌ಪಿಸಿಸಿ (ಪ್ರೊಫೆಷನಲ್ ಕ್ಲಿನಿಕಲ್ ಕೌನ್ಸೆಲರ್) ನಮ್ಮದಕ್ಕೆ ಹತ್ತಿರದ್ದು, ಆದರೆ ದಂಪತಿ ಮತ್ತು ಕುಟುಂಬಗಳನ್ನು ನೋಡಲು ಹೆಚ್ಚುವರಿ ತರಬೇತಿ ಬೇಕು. ಎಲ್‌ಎಂಎಫ್‌ಟಿ, ಎಲ್‌ಪಿಸಿಸಿ ಎರಡಕ್ಕೂ ಹೊಂದುವ ಡಿಗ್ರಿ ಸಿಕ್ಕರೆ ಬಿಡಬೇಡಿ. ಸೈಕಾಲಜಿಸ್ಟ್ ಆಗಲು ಡಾಕ್ಟರೇಟ್ ಬೇಕು, ಆ ಬೋರ್ಡೇ ಬೇರೆ.

ಕನ್ನಡದಲ್ಲಿ ಮಾಡಿದ ಸೆಷನ್ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಭಾಷೆಗೆ ತಡೆ ಇಲ್ಲ. ಕಷ್ಟ ಬರುವುದು ಸೂಪರ್‌ವಿಷನ್‌ನಲ್ಲಿ. ಅತ್ತೆ ಎರಡು ದಿನ ಊಟ ಬಿಟ್ಟು ಮುನಿಸಿಕೊಂಡಿದ್ದರು ಅಂತ ಸೊಸೆ ಹೇಳಿದ್ದನ್ನು ಇಂಗ್ಲಿಷ್‌ನಲ್ಲಿ ನೋಟ್ಸ್ ಬರೆದರೆ, ಸೂಪರ್‌ವೈಸರ್ ಗಾಬರಿಯಾಗಿ "ಊಟದ ಕಾಯಿಲೆ ಇದೆಯಾ ವಿಚಾರಿಸಿದಿರಾ" ಅಂತ ಕೇಳುತ್ತಾರೆ. ನನಗೆ ಮುನಿಸು ಅಂದರೆ ಏನು ಅಂತ ವಿವರಿಸಲು 20 ನಿಮಿಷ ಹಿಡಿಯಿತು. ಆ 20 ನಿಮಿಷವೂ ಸೂಪರ್‌ವಿಷನ್ ಗಂಟೆಗೆ ಸೇರಿತು ಅನ್ನಿ.

ಲೈಸೆನ್ಸ್ ಬಂದ ಮೇಲೆ ಇಲ್ಲಿಂದಲೇ ದಾವಣಗೆರೆಯಲ್ಲಿರುವ ಅಕ್ಕನ ಮಗಳಿಗೆ ವಿಡಿಯೋದಲ್ಲಿ ಥೆರಪಿ ಕೊಡಬಹುದಾ?

ಮೊದಲನೆಯದಾಗಿ, ಅಕ್ಕನ ಮಗಳಿಗೆ ಎಲ್ಲಿಂದಲೂ ಕೊಡುವಂತಿಲ್ಲ, ಸಂಬಂಧಿಕರು. ಎರಡನೆಯದಾಗಿ, ಈ ಲೈಸೆನ್ಸ್ ನಡೆಯುವುದು ಸೆಷನ್ ಹೊತ್ತಿಗೆ ಕ್ಲೈಂಟ್ ಕ್ಯಾಲಿಫೋರ್ನಿಯಾದಲ್ಲಿದ್ದರೆ. ಬೇರೆ ಕಡೆ ಇದ್ದರೆ ಅಲ್ಲಿಯ ಕಾನೂನು ನೋಡಬೇಕು. ನಿಮ್ಮ ಖಾಯಂ ಕ್ಲೈಂಟ್ ರಜೆಗೆ ನೆವಾಡಾಕ್ಕೆ ಹೋಗಿ ಹೋಟೆಲ್ ರೂಮಿನಿಂದ ಲಾಗಿನ್ ಆದರೂ ಇದೇ ಕಥೆ. ಅದಕ್ಕೇ ಪ್ರತಿ ವಿಡಿಯೋ ಸೆಷನ್ ಶುರುವಿನಲ್ಲಿ, ನಮಸ್ಕಾರ ಆದ ತಕ್ಷಣ, "ಈಗ ಎಲ್ಲಿದ್ದೀರಿ" ಅಂತ ಕೇಳಿ ಬರೆದುಕೊಳ್ಳುತ್ತೇವೆ.